ಕಾಗಿಣಾ ಸೀಮೆಯ ಒಂದಿರುಳಿನ ರಂಗಮಂದಿರಗಳು

ಜನವರಿ ಮುಗಿಯುವ ಹೊತ್ತಿಗೆ ಸೇಡಂ ಸುತ್ತಿನ ಎರೆಹೊಲಗಳಿಗೆ ಸ್ವಲ್ಪ ಬಿಡುವು. ತೊಗರಿ ರಾಶಿ ಮುಗಿದಿರುತ್ತದೆ, ತೊಗರಿಕಟ್ಟಿಗೆ ಮನೆಯ ಹಿತ್ತಲು ಸೇರಿರುತ್ತದೆ. ಬಿಳಿಜೋಳ ಮಾತ್ರ ತೆನೆ ಹೊತ್ತು ನಿಂತಿರುತ್ತದೆ. ಇಂಥ ಹೊತ್ತಿನಲ್ಲೇ, 2025ರ ಜನವರಿ 29ರಿಂದ ಫೆಬ್ರವರಿ 6ರವರೆಗೆ, ಸೇಡಂ ಬಗಲಿನ 240 ಎಕರೆ ಬಯಲು ಒಂಬತ್ತು ದಿನದ ಮಟ್ಟಿಗೆ ಒಂದು ಊರಾಗಿಬಿಟ್ಟಿತು. ಶ್ರೀ ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿಗೆ ಐವತ್ತು ತುಂಬಿದ ಸುವರ್ಣ ಮಹೋತ್ಸವ, ಅದರ ಜೊತೆಗೇ ಏಳನೆಯ ಭಾರತೀಯ ಸಂಸ್ಕೃತಿ ಉತ್ಸವ. ಅಂಥ ಉತ್ಸವ ಈ ಜಿಲ್ಲೆಗೆ ಹೊಸದೇನೂ ಆಗಿರಲಿಲ್ಲ. 2010ರ ಕೊನೆಗೆ ‘ಕಲಬುರಗಿ ಕಂಪು’ ಎಂಬ ಹೆಸರಿನಲ್ಲಿ ಕಲಬುರಗಿಯಲ್ಲೂ ನಡೆದಿತ್ತು. ಉತ್ಸವದ ಹಿಂದಿನ ವಿಚಾರಗಳನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆ ವಾದ ಇಲ್ಲಿ ಬೇಡ. ನನ್ನ ಲಕ್ಷ್ಯ ಇರುವುದು ಆ ಬಯಲಿನ ಮೇಲೆ. ಒಂಬತ್ತು ದಿನ ವೇದಿಕೆ, ದೀಪ, ಧ್ವನಿವರ್ಧಕ, ಪಂಗತಿ ಊಟ; ಹತ್ತನೆಯ ದಿನ ಪೆಂಡಾಲಿನ ಗಂಟು ಬಿಚ್ಚುವ ಕೆಲಸ.

ಇದನ್ನು ನೋಡಿ ದೂರದೂರಿನವರು ಬೆರಗಾದರು. ಸೀಮೆಯ ಜನ ಅಷ್ಟೇನೂ ಬೆರಗಾಗಲಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಆಟವೆಂದರೆ ಹೀಗೆಯೇ: ಬಯಲಲ್ಲಿ ಕಟ್ಟುವುದು, ಬೆಳಗಾಗುವುದರೊಳಗೆ ಬಿಚ್ಚುವುದು. ಇಲ್ಲಿಯ ರಂಗಮಂದಿರಕ್ಕೆ ಶಂಕುಸ್ಥಾಪನೆಯ ಕಲ್ಲು ಇರುವುದಿಲ್ಲ. ಹೀಗಾಗಿ ಅದಕ್ಕೆ ಬೆಳ್ಳಿಹಬ್ಬವೂ ಇಲ್ಲ, ಚಿನ್ನದ ಹಬ್ಬವೂ ಇಲ್ಲ. ಅದಕ್ಕಿರುವುದು ತಿಥಿ ಒಂದೇ. ಆ ತಿಥಿ ಮಾತ್ರ ತಪ್ಪುವುದಿಲ್ಲ.

ಸುಗ್ಗಿ ಮುಗಿದು ಮುಂಗಾರು ಇಳಿಯುವುದರೊಳಗಿನ ಯಾವುದಾದರೂ ಒಂದು ತಿಂಗಳು ಈ ಕಡೆಯ ಯಾವುದಾದರೂ ಹಳ್ಳಿಗೆ ರಾತ್ರಿ ಹೋಗಿ ನೋಡಿ. ಹನುಮಂದೇವರ ಗುಡಿಯ ಮುಂದೆ, ಇಲ್ಲವೇ ಅಗಸಿಯ ಒಳಗಿನ ಕಟ್ಟೆಯ ಮೇಲೆ, ಹಾರ್ಮೋನಿಯಂ ದನಿ ಕೇಳುತ್ತಿರುತ್ತದೆ. ತಾಲೀಮು ನಡೆದಿದೆ ಎಂದು ಅರ್ಥ. ಊರ ಹುಡುಗರು ಸೇರಿ ಒಂದು ನಾಟ್ಯ ಸಂಘ ಮಾಡಿಕೊಂಡಿರುತ್ತಾರೆ. ಸಂಘದ ಹೆಸರಿನ ಮುಂದೆ ಊರದೇವರ ಹೆಸರು, ಅದರ ಹಿಂದೆ ‘ಕೃಪಾಪೋಷಿತ’ ಎಂಬ ವಿಶೇಷಣ. ಈ ಸಂಘಕ್ಕೆ ಕಚೇರಿಯಿಲ್ಲ, ರಸೀದಿ ಪುಸ್ತಕವೂ ಜಾತ್ರೆಯ ತಿಂಗಳಷ್ಟೇ ಜೀವಂತ. ಪಕ್ಕದೂರಿನಿಂದ ಮಾಸ್ತರರು ಬಂದಿರುತ್ತಾರೆ. ಅವರಿಗೆ ಗುಡಿಯ ಪೌಳಿಯಲ್ಲಿ ಹಾಸಿಗೆ, ಪಾಳಿ ಪ್ರಕಾರ ಒಂದೊಂದು ಮನೆಯಲ್ಲಿ ರೊಟ್ಟಿ ಊಟ. ಒಂದು ಕೈ ಹಾರ್ಮೋನಿಯಂ ಮೇಲೆ, ಇನ್ನೊಂದರಲ್ಲಿ ಎಣ್ಣೆಗಟ್ಟಿದ ನಾಟಕದ ಪುಸ್ತಕ.

ಹಗಲೆಲ್ಲ ಟ್ರ್ಯಾಕ್ಟರ್ ಹೊಡೆದ ಹುಡುಗ ರಾತ್ರಿ ಸಾಹುಕಾರನ ಮಗನಾಗಿ ನಿಂತು ತೊದಲುತ್ತಾನೆ. ‘ತಮ್ಮಾ, ಡೈಲಾಗ್ ಓದಬ್ಯಾಡ. ಮನ್ಯಾಗ ಅಪ್ಪನ ಕೂಡ ಜಗಳಾಡ್ತಿ ನೋಡು, ಹಂಗ ಅನ್ನು’ ಎಂದು ಮಾಸ್ತರರು ಅನ್ನುತ್ತಾರೆ. ಕಟ್ಟೆಯ ಮೇಲೆ ಕೂತ ಅವನ ಅಪ್ಪ ನಗುತ್ತಾನೆ. ‘ಮಾಸ್ತರೇ, ಈ ವರ್ಷನೂ ನನಗ ಖಳನಾಯಕನ ಪಾತ್ರಾನೇ ಏನ್ರಿ?’ ಎಂದು ಇನ್ನೊಬ್ಬ ಕೇಳುತ್ತಾನೆ. ಅವನ ಮುಖವೇ ಉತ್ತರ ಹೇಳುತ್ತಿರುತ್ತದೆ. ಅಭಿನಯ ಕಲಿಸುವ ಶಾಲೆ ಎಂದರೆ ಈ ಸೀಮೆಯ ಬಹಳ ಮಂದಿಗೆ ಇದೇ. ಕಂದೀಲಿನ ಕಾಲದಿಂದ ಎಲ್‌ಇಡಿ ಬಲ್ಬಿನ ಕಾಲದವರೆಗೆ ಪಾಠಕ್ರಮವೂ ಹೆಚ್ಚೇನೂ ಬದಲಾಗಿಲ್ಲ. ಕೈ ಎಲ್ಲಿಡಬೇಕು, ಹಾಡಿನ ಮೊದಲ ಅಕ್ಷರಕ್ಕೆ ತಬಲಾದ ಯಾವ ಪೆಟ್ಟಿಗೆ ಬಾಯಿ ತೆರೆಯಬೇಕು, ಬೆನ್ನು ತೋರಿಸದೆ ಹೇಗೆ ಒಳಗೆ ಹೋಗಬೇಕು, ಇಷ್ಟೇ.

ಜಾತ್ರೆಗೆ ವಾರ ಇರುವಾಗ ಹ್ಯಾಂಡ್‌ಬಿಲ್ ಬರುತ್ತದೆ. ತಿಳಿಗುಲಾಬಿ ಇಲ್ಲವೇ ಹಳದಿ ಕಾಗದ. ನಾಟಕಕ್ಕೆ ಎರಡು ಹೆಸರು, ನಡುವೆ ‘ಅರ್ಥಾತ್’. ಮೊದಲ ಹೆಸರಿನಲ್ಲಿ ಅಳು, ಎರಡನೆಯದರಲ್ಲಿ ಸಿಟ್ಟು. ಮಗ ತಪ್ಪಿದ, ತಾಳಿ ಹರಿದ, ಬಡವ ತಿರುಗಿಬಿದ್ದ ಕಥೆಗಳು. ಕೆಳಗೆ ಪಾತ್ರಧಾರಿಗಳ ಫೋಟೊ ಸಾಲು. ಊರಲ್ಲಿ ಯಾರ ಫೋಟೊ ದೊಡ್ಡದಾಯಿತು, ಯಾರದು ಮೂಲೆಗೆ ಬಿತ್ತು ಎಂಬ ಜಗಳ ಮುಂದಿನ ಪಂಚಾಯತಿ ಚುನಾವಣೆಯವರೆಗೂ ಹೋದ ಉದಾಹರಣೆಗಳಿವೆ. ದೊಡ್ಡ ಶಹರದ ರಂಗವಿಮರ್ಶಕರು ಈ ನಾಟಕಗಳನ್ನು ಮೂಗು ಮುರಿದು ನೋಡುತ್ತಾರೆ. ಕಥೆ ಒಂದೇ ಅಚ್ಚಿನದು ಎಂಬ ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಊರ ಗೌಡನ ಮುಂದೆಯೇ ‘ಗೌಡ’ನ ಪಾತ್ರಕ್ಕೆ ಬೈಯುವ ಮಾತನ್ನು, ಅದೇ ಊರಿನ ಕೂಲಿಯವನ ಮಗ, ದೀಪದ ಬೆಳಕಿನಲ್ಲಿ ನಿಂತು, ಚಪ್ಪಾಳೆಯ ನಡುವೆ ಆಡುವ ಜಾಗ ಬೇರೆ ಎಲ್ಲಿದೆ?

ರಂಗ ಕಟ್ಟುವ ದಿನ ಮಧ್ಯಾಹ್ನವೇ ‘ಸೀನ್ಸ್’ ಹೇರಿಕೊಂಡ ಗಾಡಿ ಬರುತ್ತದೆ. ಹಿಂದೆ ಬಂಡಿಗಳನ್ನು ಜೋಡಿಸಿ, ಮೇಲೆ ಬಾಗಿಲ ಹಲಗೆ ಹಾಸಿ, ಊರ ಮನೆಗಳ ಜಮಖಾನ ಹೊದಿಸಿ ವೇದಿಕೆ ಮಾಡುತ್ತಿದ್ದರು. ಈಗ ಕಬ್ಬಿಣದ ಪೈಪು, ಪ್ಲೈವುಡ್ಡು. ಆದರೆ ಪರದೆಗಳು ಅವೇ: ದರಬಾರ ಸೀನು, ರಸ್ತೆ ಸೀನು, ಮನೆ ಸೀನು, ಕಾಡು ಸೀನು. ಕಾಡು ಸೀನಿನಲ್ಲಿ ಒಂದು ಜಲಪಾತ ಇರಲೇಬೇಕು. ಅದರ ಬಣ್ಣ ನೀಲಿಗಿಂತ ಹೆಚ್ಚು ನೀಲಿ. ರಸ್ತೆ ಸೀನಿನ ಎರಡೂ ಬದಿಗೆ ಮಹಡಿ ಮನೆಗಳು, ಯಾವ ಊರಿನವೆಂದು ಹೇಳಲಾಗದು. ಪರದೆ ಸುರುಳಿ ಬಿಚ್ಚಿದ್ದೇ ಊರ ಹುಡುಗರು ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾಟಕದ ಮೊದಲ ಪ್ರದರ್ಶನ ನಿಜವಾಗಿ ಅದೇ.

ನಾಯಕಿಯ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು ಸಾಮಾನ್ಯವಾಗಿ ಹಿಂದಿನ ದಿನದ ರಂಗ ತಾಲೀಮಿಗೆ ಇಳಿಯುತ್ತಾರೆ. ಒಂದು ಸೀಸನ್ನಿನಲ್ಲಿ ಹತ್ತಾರು ಊರು, ಹತ್ತಾರು ಗಂಡಂದಿರು, ಹತ್ತಾರು ಸಾವುಗಳನ್ನು ಅಭಿನಯಿಸುವ ಈ ಹೆಂಗಸರ ನೆನಪಿನ ಶಕ್ತಿಗೆ ಯಾವ ಪ್ರಶಸ್ತಿಯೂ ಸಾಲದು. ಒಂದೇ ಒಂದು ತಾಲೀಮಿನಲ್ಲಿ ಊರ ಹುಡುಗನ ತಪ್ಪನ್ನೆಲ್ಲ ಗುರುತು ಹಾಕಿಕೊಂಡು, ರಾತ್ರಿ ಅವನು ಮರೆತ ಮಾತನ್ನು ತಾವೇ ಪ್ರಶ್ನೆಯಾಗಿ ತಿರುಗಿಸಿ ಕೇಳಿ, ಅವನ ಮಾನ ಉಳಿಸುತ್ತಾರೆ. ಅವರಿಗೆ ಬಟ್ಟೆ ಬದಲಿಸಲು ಸಿಗುವುದು ಗುಡಿಯ ಹಿಂದಿನ ಒಂದು ಕೋಣೆ, ಇಲ್ಲವೇ ಸೀರೆ ಕಟ್ಟಿದ ಮರೆ. ಬಯಲಿನ ರಂಗಮಂದಿರವನ್ನು ಹಾಡಿ ಹೊಗಳುವವರು ಈ ಮರೆಯನ್ನೂ ನೋಡಬೇಕು.

ರಾತ್ರಿ ಊಟವಾದ ಮೇಲೆ ಜನ ಬರುತ್ತಾರೆ. ಮೊದಲು ಮಕ್ಕಳು, ಅವರ ಹಿಂದೆ ಕೌದಿ ಹೆಗಲಿಗೆ ಹಾಕಿಕೊಂಡ ಮುತ್ಯಾಗಳು, ಆಮೇಲೆ ಹೆಣ್ಣುಮಕ್ಕಳು. ಗಂಡಸರದೊಂದು ಬದಿ, ಹೆಂಗಸರದೊಂದು ಬದಿ, ನಡುವೆ ಹಗ್ಗ ಇಲ್ಲದಿದ್ದರೂ ಹಗ್ಗ ಇದ್ದಂತೆ. ಹಿಂದೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತವರಿಗೆ ಬಾಲ್ಕನಿ ಸೀಟು. ‘ಯಪ್ಪಾ, ಮುಂದಿನವರು ಜರಾ ಬಗ್ಗಿ ಕೂಡ್ರಿ, ಹಿಂದ ಹೆಣ್ಮಕ್ಕಳಿಗಿ ಕಾಣವಲ್ದು’ ಎಂದು ಮೈಕಿನಲ್ಲಿ ಒಬ್ಬರು ಕೂಗುತ್ತಲೇ ಇರುತ್ತಾರೆ. ಬಂದ ಗಣ್ಯರಿಗೆಲ್ಲ ಸನ್ಮಾನ, ಶಾಲು, ತೆಂಗಿನಕಾಯಿ. ನಾಟಕಕ್ಕಿಂತ ದೊಡ್ಡ ನಾಟಕ ಇದು, ಒಂದು ತಾಸಿಗೆ ಕಡಿಮೆಯಾಗದು. ಆಮೇಲೆ ನಾಂದಿ. ನಡುನಡುವೆ ಕಥೆ ನಿಲ್ಲುತ್ತದೆ. ಇಂಥವರ ಅಳಿಯಂದಿರು ಇಂಥವರ ಅಭಿನಯ ಮೆಚ್ಚಿ ನೂರಾ ಒಂದು ರೂಪಾಯಿ ಆಯೇರಿ ಮಾಡಿದ್ದಾರೆ ಎಂದು ಮೈಕು ಸಾರುತ್ತದೆ. ಆಗಷ್ಟೇ ಸತ್ತು ಬಿದ್ದ ಪಾತ್ರಧಾರಿ ಎದ್ದು, ನೋಟು ತಗೊಂಡು, ಕೈಮುಗಿದು, ಮತ್ತೆ ಅದೇ ಜಾಗದಲ್ಲಿ ಸಾಯುತ್ತಾನೆ. ಇದನ್ನು ಕಂಡು ನಗುವವರು ಹೊರಗಿನವರು. ಊರಿನವರಿಗೆ ಇದರಲ್ಲಿ ಅಡ್ಡಿಯೇನೂ ಕಾಣುವುದಿಲ್ಲ. ಸತ್ತವನು ಯಾರ ಮಗನೆಂದು ಎಲ್ಲರಿಗೂ ಗೊತ್ತು.

ಈ ಕಂಪನಿ ಮಾದರಿಯ ನಾಟಕಕ್ಕಿಂತ ಹಳೆಯದು ಬಯಲಾಟ. ದೊಡ್ಡಾಟಕ್ಕೆ ಮದ್ದಳೆ, ತಾಳ, ಭುಜಕೀರ್ತಿ, ಕಿರೀಟ, ನೆಲ ನಡುಗಿಸುವ ಹೆಜ್ಜೆ. ಸಣ್ಣಾಟಕ್ಕೆ ದಪ್ಪು ಮತ್ತು ಮಾತಿನ ಚುರುಕು. ದಪ್ಪಿನಾಟ ಎಂದು ಅದಕ್ಕೊಂದು ಹೆಸರೇ ಇದೆ. ಎರಡೂ ಈಗ ತೆಳುವಾಗಿವೆ. ಆಡುವವರಿಗೆ ವಯಸ್ಸಾಗಿದೆ, ಕಲಿಯುವವರಿಗೆ ಪುರುಸೊತ್ತಿಲ್ಲ. ಹಂತಿ ಪದದ ಗತಿ ಇನ್ನೂ ಕಷ್ಟದ್ದು. ಕಣದಲ್ಲಿ ಎತ್ತು ಕಟ್ಟಿ ಜೋಳದ ತೆನೆ ತುಳಿಸುವಾಗ ರಾತ್ರಿಯಿಡೀ ಹಾಡುತ್ತಿದ್ದ ಪದ ಅದು. ಸಗಣಿ ಸಾರಿಸಿದ ಆ ದುಂಡನೆಯ ಕಣ, ನಡುವಿನ ಮೇಟಿಕಂಬ, ಸುತ್ತ ತಿರುಗುವ ಎತ್ತು: ಸೀಮೆಯ ಅತಿ ಹಳೆಯ ರಂಗಸ್ಥಳ ಅದೇ ಇರಬೇಕು. ರಾಶಿ ಮಷಿನ್ ಬಂತು. ಕಣವೇ ಹೋಯಿತು, ಪದ ವೇದಿಕೆ ಹತ್ತಿತು. ವೇದಿಕೆಯ ಮೇಲೆ ಹಂತಿ ಪದಕ್ಕೆ ಐದು ನಿಮಿಷ ಕೊಡುತ್ತಾರೆ.

ಕಟ್ಟಡದ ಚರಿತ್ರೆಯೇ ಬೇಕು ಎನ್ನುವವರು ಚಿತ್ತಾಪುರಕ್ಕೆ ಬರಬೇಕು. ಪಟ್ಟಣದ ಬಗಲಿಗೇ ನಾಗಾವಿ. ಕುರುಚಲು, ಪರಸಿ ಬಂಡೆ, ಅಲ್ಲಲ್ಲಿ ಮುರಿದ ಶಿಲ್ಪ, ಅವುಗಳ ನಡುವೆ ಅರವತ್ತು ಕಂಬದ ಗುಡಿ. ಮಟ್ಟಸ ಚಾವಣಿಯ ಕೆಳಗೆ ಸಾಲುಗಂಬಗಳ ನೆರಳು ಬಿದ್ದು ಬಿಸಿಲಿನಲ್ಲೂ ತಂಪು. ಇಲ್ಲಿ 1058ರ ಶಾಸನವೊಂದಿದೆ. ಕಲ್ಯಾಣದ ಚಾಲುಕ್ಯ ಅರಸು ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನ ಕಟ್ಟಿಸಿದ ಲೆಕ್ಕ ಅದರಲ್ಲಿದೆ. ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ, ವೇದಕ್ಕೆ ಮೂವರು ಮತ್ತು ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು, ಇವರೆಲ್ಲರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ನೋಡಿಕೊಳ್ಳುವವರು. ಎಲ್ಲರಿಗೂ ಭೂಮಿ, ಊಟ, ಬಟ್ಟೆಯ ಏರ್ಪಾಡು. ನಮ್ಮ ತಾಲ್ಲೂಕು ಗ್ರಂಥಾಲಯಗಳಲ್ಲಿ ಇಂದು ಆರು ಮಂದಿ ಸಿಬ್ಬಂದಿ ಎಲ್ಲಿದ್ದಾರೆ ತೋರಿಸಿ.

ಈ ಘಟಿಕಾಸ್ಥಾನಕ್ಕೆ 2058ಕ್ಕೆ ಸಾವಿರ ವರ್ಷ ತುಂಬುತ್ತದೆ. ಆಗ ಉತ್ಸವ ಮಾಡುವವರು ಯಾರೋ ಗೊತ್ತಿಲ್ಲ. ಆದರೆ ಪಕ್ಕದ ಯಲ್ಲಮ್ಮನಿಗೆ ಯಾರ ಸಮಿತಿಯೂ ಬೇಕಿಲ್ಲ. ಶೀಗಿ ಹುಣ್ಣಿಮೆ ಬಂದರೆ ಜನ ತಾವೇ ಬರುತ್ತಾರೆ. ಪಲ್ಲಕ್ಕಿ, ಹಲಗೆ, ಚೌಡಕಿಯ ನಾದ, ಬೆಂಡು ಬತ್ತಾಸಿನ ಅಂಗಡಿ, ಭಂಡಾರ ಹಚ್ಚಿದ ಹಣೆಗಳು. ಸಾವಿರ ವರ್ಷದ ಕಂಬಗಳು ಅಂದು ಒಂದು ದಿನ ಜನರ ಬೆನ್ನಿಗೆ ಆಸರೆಯಾಗುತ್ತವೆ. ಓದಿನ ಶಾಲೆ ನಿಂತುಹೋದ ಜಾಗದಲ್ಲಿ ಚೌಡಕಿ ಪದ ನಿಂತಿಲ್ಲ.

ಮಳಖೇಡಕ್ಕೆ ಇಲ್ಲಿಂದ ಬಹಳ ದೂರವಿಲ್ಲ. ಕಾಗಿಣಾ ಹೊಳೆಯ ದಂಡೆಯ ಆ ಹಳ್ಳಿ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ರಚಿಸಿದ್ದು ಒಂಬತ್ತನೆಯ ಶತಮಾನದ ನಡುವಿನಲ್ಲಿ. ಆ ಪುಸ್ತಕ ಚತ್ತಾಣ, ಬೆದಂಡೆ ಎಂಬ ಕಾವ್ಯರೂಪಗಳನ್ನು ಹೆಸರಿಸುತ್ತದೆ. ಅವು ಓದುವುದಕ್ಕಿಂತ ಹಾಡುವುದಕ್ಕೇ ಹೊಂದಿದವು ಎಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಪುಸ್ತಕಕ್ಕಿಂತ ಮೊದಲೇ ಹಾಡುವವರಿದ್ದರು, ಅವರ ಮುಂದೆ ಕೂತು ಕೇಳುವವರಿದ್ದರು, ಕೂಡಲು ಒಂದು ಜಾಗವಿತ್ತು. 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಸುಲಿದ. ಇಂದು ಉಳಿದದ್ದು ನೇಮಿನಾಥ ಬಸದಿ, ಆಮೇಲಿನ ಕಾಲದ ಕೋಟೆ, ದರ್ಗಾ, ಹೊಳೆಯ ದಂಡೆಗೆ ಮಠ. ಮಠದಲ್ಲಿ ಟೀಕಾಚಾರ್ಯ ಜಯತೀರ್ಥರ ಆರಾಧನೆಗೆ ದಾಸರ ಪದ, ಬಸದಿಯಲ್ಲಿ ಜಿನಸ್ತುತಿ, ದರ್ಗಾದಲ್ಲಿ ಉರುಸು. ಒಂದೇ ಹಳ್ಳಿಯಲ್ಲಿ ಮೂರು ಸಭಾಂಗಣ.

ನಿಜಾಮನ ಕಾಲದಲ್ಲಿ ಈ ಸೀಮೆಯ ಸರ್ಕಾರಿ ಭಾಷೆ ಉರ್ದು. ಕನ್ನಡ ಮನೆಯಲ್ಲಿ, ಹೊಲದಲ್ಲಿ, ಗುಡಿಯಲ್ಲಿ ಉಳಿಯಿತು. ಸಭೆ ಸೇರಬೇಕಾದರೆ ಮುಂಚಿತವಾಗಿ ಅಪ್ಪಣೆ ಪಡೆಯಬೇಕೆಂಬ ‘ಗಸ್ತಿ ನಿಶಾನ್ 53’ ಎಂಬ ಹುಕುಂ ಹೈದರಾಬಾದ ಸಂಸ್ಥಾನದಲ್ಲೆಲ್ಲ ಹೆಸರುವಾಸಿ. 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿದ್ದು ಇಂಥ ದಿನಗಳಲ್ಲಿ. ಭಾಷಣದ ಸಭೆಗೆ ಅಪ್ಪಣೆ ಬೇಕು, ಭಜನೆಗೆ ಯಾರ ಅಪ್ಪಣೆ? ಗುಡಿಯ ಪೌಳಿಯಲ್ಲಿ ತಿಂಗಳಿಡೀ ಶರಣರ ಪುರಾಣ, ಏಕತಾರಿಯ ತತ್ವಪದ, ಜಾತ್ರೆಯ ಆಟ ಇವುಗಳಲ್ಲಿ ಕನ್ನಡ ಬೆಳಗಿನವರೆಗೂ ಕೂತಿರುತ್ತಿತ್ತು. ಈ ಸೀಮೆಗೆ ಕಟ್ಟಿದ ರಂಗಮಂದಿರ ತಡವಾಗಿ ಬರಲು, ಬಯಲಿನದು ಇಷ್ಟು ಗಟ್ಟಿಯಾಗಿ ಉಳಿಯಲು ಇದೂ ಒಂದು ಕಾರಣ ಎಂದು ನನ್ನ ಎಣಿಕೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಡಳಿತ ಮುಗಿಯಿತು. 1956ರ ನವೆಂಬರ್ 1ಕ್ಕೆ ಸೀಮೆ ಕನ್ನಡ ರಾಜ್ಯ ಸೇರಿತು. ಪುರಾಣ ಹೇಳುವ ಶಾಸ್ತ್ರಿಗಳು ಎರಡೂ ದಿನ ಎಂದಿನಂತೆಯೇ ಮಂಗಳಾರತಿ ಮಾಡಿರಬೇಕು.

ಆ ಪುರಾಣದ ಏರ್ಪಾಡು ಈಗಲೂ ಇದೆ. ಶ್ರಾವಣ ಬಂದರೆ ಶಾಸ್ತ್ರಿಗಳು, ಅವರ ಪಕ್ಕ ಹಾರ್ಮೋನಿಯಂ ಹಿಡಿದ ಗವಾಯಿ, ಅವರ ಪಕ್ಕ ತಬಲಾದವರು ಊರಿಗೆ ಬರುತ್ತಾರೆ. ಗವಾಯಿಗಳಲ್ಲಿ ಬಹಳ ಮಂದಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯವರು. ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಅಂಧ ಮಕ್ಕಳನ್ನು ಸಾಕಿದರು. ಪುಟ್ಟರಾಜ ಗವಾಯಿಗಳು ನಾಟಕಗಳನ್ನೂ ಪುರಾಣಗಳನ್ನೂ ಬರೆದರು. ಹಿಂದೂಸ್ತಾನಿ ರಾಗಗಳು ಈ ಸೀಮೆಯ ಒಕ್ಕಲಿಗರ ಕಿವಿಗೆ ಬಿದ್ದದ್ದು ಸಂಗೀತ ಸಭೆಗಳಿಂದಲ್ಲ, ಗುಡಿಯ ಪುರಾಣದಿಂದ. ಭೀಮಪಲಾಸದ ಹೆಸರು ಗೊತ್ತಿಲ್ಲದ ಮುತ್ಯಾನಿಗೂ ಗವಾಯಿ ಎಲ್ಲಿ ಜಾರಿದನೆಂದು ಗೊತ್ತಾಗುತ್ತದೆ.

ವಾಡಿಗೆ ರೈಲು ಬಂದ ಮೇಲೆ ಕಂಪನಿಗಳಿಗೆ ದಾರಿಯಾಯಿತು. ಮುಂಬೈ ಮದರಾಸು ದಾರಿ ರಾಯಚೂರಿನಲ್ಲಿ 1871ಕ್ಕೆ ಕೂಡಿತು, ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮನ ರೈಲು 1874ಕ್ಕೆ ಓಡಿತು. ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದೂ ಹೆಚ್ಚುಕಡಿಮೆ ಅದೇ ಕಾಲ. ಪರದೆ, ಪೆಟ್ಟಿಗೆ, ತಗಡು, ಕುರ್ಚಿ ಎಲ್ಲವನ್ನೂ ಗಾಡಿಗೆ ಹೇರಿ ಒಂದೂರಿನಲ್ಲಿ ‘ಕ್ಯಾಂಪು’ ಹಾಕುವುದು, ಕಲೆಕ್ಷನ್ ಇಳಿದರೆ ಮುಂದಿನೂರಿಗೆ ಹೊರಡುವುದು ವೃತ್ತಿ ಕಂಪನಿಗಳ ರೀತಿ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಇಂದೂ ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಹತ್ತಿರದ ಹಲಕಟ್ಟಾ ಶರೀಫಿನ ಉರುಸಿಗೆ ಹೈದರಾಬಾದಿನಿಂದ ವಿಶೇಷ ರೈಲು ಬಿಡುತ್ತಾರೆ. ರಾತ್ರಿ ಕವ್ವಾಲಿ. ಹಾಡಿಗೆ ರೈಲು ಬಿಡುವ ಊರು ನಮ್ಮಲ್ಲಿ ಎಷ್ಟಿವೆ?

ಶಹಾಬಾದ ಕಲ್ಲಿನ ಊರು. ಪದರು ಪದರಾಗಿ ಏಳುವ ಪರಸಿ ನಾಡಿನ ತುಂಬ ಹೋಗಿ ಮನೆ, ಶಾಲೆ, ಕಚೇರಿ, ಸಭಾಂಗಣಗಳ ನೆಲವಾಗಿದೆ. ಎಷ್ಟು ಊರಿನ ಕಲಾವಿದರು ಎಷ್ಟು ಹೆಜ್ಜೆ ಈ ಕಲ್ಲಿನ ಮೇಲೆ ಹಾಕಿದ್ದಾರೋ! ಅದೇ ಸುಣ್ಣಕಲ್ಲು ಸಿಮೆಂಟೂ ಆಯಿತು. ಶಹಾಬಾದದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲೇ ಕಾರ್ಖಾನೆ ಬಂತು, ಆಮೇಲೆ ವಾಡಿಗೆ, 1980ರ ದಶಕದಲ್ಲಿ ಮಳಖೇಡ ಸೇಡಂಗಳಿಗೆ. ಕಾರ್ಖಾನೆ ಕಾಲೊನಿಗಳಲ್ಲಿ ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ, ರಸಮಂಜರಿ. ಪಾಳಿ ಮುಗಿಸಿ ಬಂದವರು ಬೂದುಬಣ್ಣದ ಬೂಟಿನಲ್ಲೇ ನಿಂತು ನೋಡುತ್ತಾರೆ. ನಾಡಿನ ಸಭಾಂಗಣಗಳಿಗೆಲ್ಲ ನೆಲವನ್ನೂ ಸಿಮೆಂಟನ್ನೂ ಕೊಟ್ಟ ಸೀಮೆ ತನ್ನ ಆಟವನ್ನು ಮಣ್ಣಿನ ಮೇಲೆಯೇ ಆಡಿಕೊಂಡು ಬಂದಿತು. ಇದರ ವ್ಯಂಗ್ಯ ಬಿಡಿಸಿ ಹೇಳಬೇಕಿಲ್ಲ.

ಮೊಹರಮ್ಮಿನ ರಾತ್ರಿ ಇನ್ನೊಂದು ರಂಗ ಏಳುತ್ತದೆ. ಮಸೂತಿಯ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಮಾಡುತ್ತಾರೆ. ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುವವರು ಊರ ಎಲ್ಲ ಜಾತಿಯವರು. ರಿವಾಯತ್ ಪದ ಹಾಡುವವರು ಕರ್ಬಲದ ಕಥೆಯನ್ನು ಅಚ್ಚ ಊರ ಕನ್ನಡದಲ್ಲಿ ಹೇಳುತ್ತಾರೆ. ಹಸನ್ ಹುಸೇನರು ಆ ರಾತ್ರಿ ಕಾಗಿಣಾ ದಂಡೆಯವರೇ. ಪೀರಲ ದೇವರು ಎದ್ದು ಹೊರಟಾಗ ಲಿಂಗ ಕಟ್ಟಿದ ಮುದುಕಿಯೂ ಸಕ್ಕರೆ ಓದಿಸುತ್ತಾಳೆ. ಈಚೆಗೆ ಕೆಲವೆಡೆ ‘ಇದು ನಮ್ಮದಲ್ಲ’ ಎನ್ನುವ ಮಾತು ಎರಡೂ ಕಡೆಯಿಂದ ಕೇಳಿಬರುತ್ತಿದೆ. ಮಾತು ಹೊಸದು, ಕುಣಿ ಹಳೆಯದು.

ಚಿಂಚೋಳಿಯ ಕಡೆ ನೆಲ ಏರುತ್ತದೆ, ಕಾಡು ಸುರುವಾಗುತ್ತದೆ. ಚಂದ್ರಂಪಳ್ಳಿಯ ಕೆರೆ, ವನ್ಯಧಾಮ, ಅದರ ಅಂಚಿಗೆ ತಾಂಡಾಗಳು, ಆಚೆ ತೆಲಂಗಾಣ. ತಾಂಡಾದ ರಂಗಮಂದಿರ ನಾಯಕನ ಮನೆಯ ಮುಂದಿನ ಅಂಗಳ. ಹೋಳಿಗೆ ನಂಗಾರಾ ಬಾರಿಸುತ್ತ ಲೇಂಗಿ ಹಾಡು, ದೀಪಾವಳಿಗೆ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಕೇಳುವುದು. ಕನ್ನಡಿ, ಕವಡೆ, ನಾಣ್ಯ ಹೊಲಿದ ಅವರ ಬಟ್ಟೆಗೆ ಬೇರೆ ರಂಗಸಜ್ಜಿಕೆ ಬೇಡ. ಆದರೆ ಹಬ್ಬಕ್ಕೆ ತಾಂಡಾದಲ್ಲಿ ಎಷ್ಟು ಮಂದಿ ಇರುತ್ತಾರೆ ಎಂಬುದು ಆ ವರ್ಷದ ದುಡಿಮೆಯ ಮೇಲಿದೆ. ಕಬ್ಬು ಕಡಿಯಲು, ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋದವರು ಹಬ್ಬಕ್ಕೆ ಬಂದರೆ ಅಂಗಳ ತುಂಬುತ್ತದೆ, ಬರದಿದ್ದರೆ ಮುದುಕಿಯರಷ್ಟೇ ಹಾಡುತ್ತಾರೆ. ಒಕ್ಕಲಿಗರ ಕೇರಿಗಳಲ್ಲಿ ಹೆಣ್ಣುಮಕ್ಕಳ ಬುಲಾಯಿ ಪದದ ಗತಿಯೂ ಇದೇ. ಅಂಗಳವಿದೆ, ಹುಡುಗಿಯರು ಹಾಸ್ಟೆಲಿನಲ್ಲಿದ್ದಾರೆ. ಅವರು ಓದಲು ಹೋಗಿರುವುದು ಹಾಡು ಉಳಿಯುವುದಕ್ಕಿಂತ ದೊಡ್ಡ ಸುದ್ದಿ ಎಂಬುದನ್ನೂ ಹೇಳಿಬಿಡುತ್ತೇನೆ.

ಚಾವಣಿಯುಳ್ಳ ರಂಗಮಂದಿರಗಳ ಮಾತಿಗೆ ಬಂದರೆ, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿ ದೇಶದ ಅನೇಕ ನಗರಗಳಿಗೆ ಸಭಾಂಗಣ ಕೊಟ್ಟಿತು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆದದ್ದು ಹಾಗೆ. ನಮ್ಮ ಜಿಲ್ಲೆಗೆ ಕಲಬುರಗಿಯಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರವಿದೆ. 1916ರಲ್ಲಿ ಇದೇ ನೆಲದಲ್ಲಿ ಹುಟ್ಟಿ ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು, ಪುರಾಣದ ಚಿತ್ರಗಳಿಂದ ಹೆಸರಾದ ಕಲಾವಿದ ಅವರು. ಅವರ ಹೆಸರಿನ ಮಂದಿರದಲ್ಲಿ ಒಳ್ಳೆಯ ನಾಟಕಗಳಾಗುತ್ತವೆ. ಕಲಬುರಗಿ ರಂಗಾಯಣವೂ ಇದೆ. ತಾಲ್ಲೂಕು ಊರುಗಳ ಕಥೆ ಬೇರೆ. ಅಲ್ಲಿ ಸಭಾಂಗಣ ಎಂದರೆ ಜಯಂತಿಗಳ ಮಾಲೆ ಹಾಕುವ ಜಾಗ, ಇಲಾಖೆಗಳ ತರಬೇತಿ, ಒಮ್ಮೊಮ್ಮೆ ಮದುವೆ. ಹೆಚ್ಚಿನವು ಮೀಟಿಂಗಿಗೆ ಕಟ್ಟಿದವು. ಎದುರು ಗೋಡೆಗೆ ಬಡಿದ ಮಾತು ತಿರುಗಿ ಬಂದು ಆಡಿದವನ ಬಾಯಿಯನ್ನೇ ಮುಚ್ಚುತ್ತದೆ. ವೇದಿಕೆಗೆ ಎಡಬಲದ ಮರೆಯಿಲ್ಲ, ಬಣ್ಣದ ಕೋಣೆಯಿಲ್ಲ, ಪರದೆ ಕಟ್ಟಲು ಕೊಂಡಿಯಿಲ್ಲ. ಆದರೆ ಬಾಡಿಗೆ ದರದ ಫಲಕ ಮಾತ್ರ ತಪ್ಪದೆ ಇದೆ. ಹಳ್ಳಿಯ ನಾಟ್ಯ ಸಂಘ ಅದರ ಬಾಗಿಲಿಗೂ ಹೋಗುವುದಿಲ್ಲ.

ಇನ್ನೊಂದು ಕಡೆ, ಗುಡಿಯ ಮುಂದಿನ ಬಯಲು ಸಣ್ಣದಾಗುತ್ತಿದೆ. ಅನುದಾನ ಬಂದಾಗ ಮೊದಲು ಸಿಗುವ ಖಾಲಿ ಜಾಗ ಅದೇ. ವಾಣಿಜ್ಯ ಮಳಿಗೆ ಅಲ್ಲಿ, ನೀರಿನ ಟ್ಯಾಂಕು ಅಲ್ಲಿ, ನಡುಮಧ್ಯಕ್ಕೆ ಒಂದು ಹೈಮಾಸ್ಟ್ ದೀಪದ ಕಂಬ. ಸಮುದಾಯ ಭವನ ಎಂದು ಕಟ್ಟಿದ ತಗಡಿನ ಶೆಡ್ಡಿನಲ್ಲಿ ಐನೂರು ಮಂದಿ ಕೂಡಲಾರರು. ಬಯಲಿನಲ್ಲಿ ಮೂರು ಸಾವಿರ ಮಂದಿ ಕೂಡುತ್ತಿದ್ದರು. ಅಧಿಕಾರಿಗಳಿಗೆ ಬಯಲು ಖಾಲಿ ಜಾಗವಾಗಿ ಕಾಣುವುದು ಸಹಜ. ವರ್ಷದಲ್ಲಿ ಮುನ್ನೂರೈವತ್ತು ದಿನ ಅದು ಖಾಲಿಯೇ. ಆದರೆ ಅದು ರಂಗಮಂದಿರ. ಗ್ರಾಮ ಪಂಚಾಯತಿಯ ಆಸ್ತಿ ಪುಸ್ತಕದಲ್ಲಿ ಒಂದೇ ಸಾಲು ಬರೆದರೆ ಸಾಕು: ಇದು ಆಟದ ಬಯಲು, ಇಲ್ಲಿ ಕಟ್ಟಡ ಬೇಡ. ಜೊತೆಗೆ ಎರಡು ಕೋಣೆ, ಒಂದು ಶೌಚಾಲಯ, ನಂಬುವಂಥ ವಿದ್ಯುತ್ ಪಾಯಿಂಟು ಮಾಡಿಸಿಕೊಟ್ಟರೆ ದೂರದಿಂದ ಬರುವ ಕಲಾವಿದೆಯರಿಗೆ ಸೀರೆಯ ಮರೆ ತಪ್ಪುತ್ತದೆ. ಇದಕ್ಕೆ ಕೋಟಿ ಬೇಕಿಲ್ಲ. ಸುವರ್ಣ ಮಹೋತ್ಸವಕ್ಕೆ ಒಂಬತ್ತು ದಿನದ ಊರನ್ನೇ ಕಟ್ಟಿ ತೋರಿಸಿದ ಸೀಮೆಗೆ ಇದು ದೊಡ್ಡ ಕೆಲಸವೂ ಅಲ್ಲ.

ಓದುಗರಿಗೊಂದು ಮಾತು. ಈ ಬೇಸಿಗೆಯಲ್ಲಿ ಸೇಡಂ ಚಿತ್ತಾಪುರದ ಕಡೆ ಬಂದರೆ ಬಸ್ ನಿಲ್ದಾಣದ ಚಹಾದಂಗಡಿಯ ಗೋಡೆ ನೋಡಿ, ಹಳದಿ ಹ್ಯಾಂಡ್‌ಬಿಲ್ ಅಂಟಿಸಿರುತ್ತಾರೆ. ಯಾವ ಊರಾದರೂ ಆದೀತು, ಪರಿಚಯ ಬೇಕಿಲ್ಲ, ‘ಬರ್ರಿ, ಕೂಡ್ರಿ’ ಎಂದು ಜಾಗ ಬಿಡುತ್ತಾರೆ. ಒಂದು ಚಾದರ ತನ್ನಿ, ಆಯೇರಿಗೆ ಚಿಲ್ಲರೆ ತನ್ನಿ. ಆಟ ರಾತ್ರಿ 10:30ಕ್ಕೆ ಎಂದು ಅಚ್ಚು ಹಾಕಿಸಿರುತ್ತಾರೆ. ಸನ್ಮಾನಗಳೆಲ್ಲ ಮುಗಿದು ಪರದೆ ಏಳುವುದು ಹನ್ನೆರಡರ ಮೇಲೆಯೇ. ನಿಧಾನವಾಗಿ ಊಟ ಮಾಡಿಕೊಂಡು ಬನ್ನಿ.